ಯಾರ ಹೆಸರಿಗೂ ಇರದ ನಡುಮನೆ

ಹೋದ ವಾರ ಬೈಲಹೊಂಗಲದಿಂದ ಯರಗಟ್ಟಿ ಬಸ್ಸಿನಲ್ಲಿ ಹೊರಟಿದ್ದೆ. ಮುರಗೋಡದ ಸ್ಟ್ಯಾಂಡಿನಲ್ಲಿ ಯಾರೋ ಸುಣ್ಣದ ಪುಡಿಯ ಚೀಲಗಳನ್ನು ಟಂಟಂ ಗಾಡಿಗೆ ಏರಿಸುತ್ತಿದ್ದರು. ಒಂದು ಚೀಲದ ಹೊಲಿಗೆ ಬಿಚ್ಚಿಕೊಂಡು ಬಿಳಿ ಧೂಳೆದ್ದು ಸೀದಾ ನನ್ನ ಕಿಟಕಿಯೊಳಗೆ ಬಂತು. ಪಕ್ಕದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು ಬೈಯತೊಡಗಿದಳು. ನಾನು ಬ್ಯಾಗು ಎತ್ತಿಕೊಂಡು ಇಳಿದೇಬಿಟ್ಟೆ. "ನಿಮ್ಮ ತಿಕೀಟ ಯರಗಟ್ಟಿ ತನಕಾ ಐತಲ್ರಿ ಅಕ್ಕಾರ," ಅಂದ ಕಂಡಕ್ಟರ್. ಇರಲಿ ಬಿಡ್ರಿ ಅಂದೆ. ಸುಣ್ಣದ ಆ ಒಣ ವಾಸನೆ ಮೂಗಿಗೆ ಬಿದ್ದರೆ ನನಗೆ ಒಂದೇ ಊರು ನೆನಪಾಗುತ್ತದೆ, ಆ ಊರಿನಲ್ಲಿ ಒಂದೇ ಮನೆ.

ಐದಾರು ವರ್ಷದ ಹಿಂದಿನ ಮಾತು. ಮುರಗೋಡದಿಂದ ಒಳಗೆ, ಎರಡೂ ಕಡೆ ಎರೆಹೊಲಗಳ ನಡುವೆ ಹೋದರೆ ಸಿಗುವ ಒಂದು ಸಣ್ಣ ಊರಿಗೆ ನಾನು ಪಂಚಾಯತಿ ಅಧಿಕಾರಿಯಾಗಿ ಹೋದೆ. ಹೊಲದಲ್ಲಿ ಮುಂಗಾರಿನ ಹೆಸರುಕಾಳಿನ ಬೆಳೆ ಇನ್ನೂ ಎರಡೆಲೆ ಇತ್ತು. ನಮ್ಮಪ್ಪ ಬೈಲಹೊಂಗಲದಲ್ಲಿ ದರ್ಜಿ. ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿ ಹಾಕುವುದನ್ನು ನೋಡುತ್ತ ಬೆಳೆದವಳು ನಾನು. ಗೆರೆ ಸೊಟ್ಟಗಾದರೆ ನನಗೆ ಅನ್ನ ಸೇರುವುದಿಲ್ಲ. ಊರಿನ ಮನೆಗಳಿಗೆಲ್ಲ ಆ ವರ್ಷ ಡ್ರೋನಿನಿಂದ ಅಳತೆ ಆಗುವುದಿದೆ, ಪ್ರತಿ ಮನೆಗೂ ಒಂದು ನಂಬರು, ಒಂದು ನಕಾಶೆ, ಮಾಲೀಕರ ಹೆಸರಿಗೆ ಒಂದು ಪತ್ರ ಬರುತ್ತದೆ ಎಂದು ಆದೇಶ ಬಂದಾಗ ಊರಿನಲ್ಲಿ ನನ್ನಷ್ಟು ಖುಷಿಪಟ್ಟವರು ಬೇರೆ ಇರಲಿಲ್ಲ.

ಆದರೆ ಆ ಊರು ಗೆರೆಗೆ ಬಗ್ಗುವ ಊರಾಗಿರಲಿಲ್ಲ. ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣೇ ಹಾಸಿದ ಚಪ್ಪಟೆ ಮಾಳಿಗೆ. ಒಬ್ಬರ ಗೋಡೆಗೆ ಇನ್ನೊಬ್ಬರ ಗೋಡೆ ಅಂಟಿಕೊಂಡು ಇಡೀ ಓಣಿಗೆ ಒಂದೇ ಮಾಳಿಗೆ ಇದ್ದ ಹಾಗೆ. ಮೆಣಸಿನಕಾಯಿ ಒಣಹಾಕಲು ಹತ್ತಿದ ಹೆಂಗಸು ಬೀದಿಗೆ ಇಳಿಯದೆಯೇ ಏಳು ಮನೆಯ ಸುದ್ದಿ ತಿಳಿದುಕೊಂಡು ಬರುತ್ತಿದ್ದಳು. ನೀರು ಬಿಡುವ ಈರಪ್ಪ ಮೊದಲ ದಿನವೇ ನನಗೆ ಹೇಳಿದ್ದ: "ಕೆಳಗ ಜಗಳಾಡತೇವ್ರಿ ಅಕ್ಕಾರ, ಮ್ಯಾಲ ಎಲ್ಲಾರೂ ಒಂದ."

ಆ ಓಣಿಯ ತುದಿಯಲ್ಲಿ ಗೌರವ್ವ, ಶಾಂತವ್ವ ಎಂಬ ನೆಗೆಣ್ಣಿಯರ ಮನೆ. ಅಣ್ಣತಮ್ಮಂದಿರನ್ನು ಮದುವೆಯಾಗಿ ಬಂದವರು, ಇಬ್ಬರ ಗಂಡಂದಿರೂ ತೀರಿಕೊಂಡಿದ್ದರು. ಗೌರವ್ವ ದೊಡ್ಡವಳು, ಮಕ್ಕಳಿಲ್ಲ, ಬಾಯಿ ಮಾತ್ರ ಇಡೀ ಓಣಿಗೆ ಸಾಕಾಗುವಷ್ಟು. ಶಾಂತವ್ವ ಮಾತಿಗೆ ಬಡವಿ. ಅವಳ ಒಬ್ಬಳೇ ಮಗಳು ರೇಣುಕಾಳನ್ನು ಕಟಕೋಳಕ್ಕೆ ಕೊಟ್ಟಿತ್ತು. ಹುಡುಗಿಯನ್ನು ಹೆತ್ತವಳು ಶಾಂತವ್ವ, ಹೆಗಲ ಮೇಲೆ ಹೊತ್ತು ತಿರುಗಿದವಳು ಗೌರವ್ವ. ಮನೆ ಉದ್ದಕ್ಕೆ ಮೂರು ಭಾಗ: ಮುಂದೆ ಗೌರವ್ವ ಮಲಗುವ ಪಡಸಾಲೆ, ಮಧ್ಯದಲ್ಲಿ ನಡುಮನೆ, ಹಿಂದೆ ಶಾಂತವ್ವ ಮಲಗುವ ಕೋಲಿ ಮತ್ತು ಅಡಿಗೆಮನೆ. ನಡುಮನೆಯ ಗೋಡೆಗೆ ದೇವರ ಜಗಲಿ. ಕಿಟಕಿ ಎಂಬುದೇ ಇಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು, ಹಂಡೆಯ ಬಾಯಿಯಷ್ಟು ಅಗಲ. ಹಗಲಿನ ಬೆಳಕು ಅದರಿಂದ ಇಳಿದು ಮುಂದಕ್ಕೂ ಹಿಂದಕ್ಕೂ ಹೋಗುತ್ತಿತ್ತು. ಮಳೆ ಬಂದರೆ ಯಾರು ಹತ್ತಿರ ಇರುತ್ತಾರೋ ಅವರು ಓಡಿಹೋಗಿ ನಿಚ್ಚಣಿಕೆ ಹತ್ತಿ ಅದರ ಮೇಲೆ ತಗಡಿನ ಬುಟ್ಟಿ ಬೋರಲು ಹಾಕುತ್ತಿದ್ದರು.

ಶ್ರಾವಣದ ಜಿಟಿಜಿಟಿ ಮಳೆ ಹನ್ನೊಂದು ದಿನ ಬಿಡಲಿಲ್ಲ. ಒಂದು ಮುಂಜಾನೆ ಶಾಂತವ್ವನ ಕೋಲಿಯ ಹಿಂದಿನ ಗೋಡೆ ಕುಸಿದು ಕೂತಿತು. ಪುಣ್ಯಕ್ಕೆ ಇಬ್ಬರೂ ಮುಂದೆ ರೊಟ್ಟಿ ತಿನ್ನುತ್ತಿದ್ದರು. ನಾನು ಹೋಗಿ ನೋಡುವಾಗ ಗೌರವ್ವ ಮಣ್ಣಿನ ಗುಡ್ಡೆಯ ಮೇಲೆ ನಿಂತು ಗೋಡೆಗೇ ಬೈಯುತ್ತಿದ್ದಳು. ಶಾಂತವ್ವ ಮುರಿದ ಹೊರಸಿನ ಕಾಲುಗಳನ್ನು ಒಂದೊಂದಾಗಿ ಆರಿಸಿ ಇಡುತ್ತಿದ್ದಳು.

"ರೇಣುಕಾಗ ಐದನೇ ತಿಂಗಳ ರೀ ಅಕ್ಕಾರ," ಅಂದಳು, ಗೋಡೆಯ ಮಾತನ್ನೇ ಎತ್ತದೆ. "ಚೊಚ್ಚಲ. ಪುಷ್ಯದಾಗ ಹಡಿತಾಳ. ಬಾಣಂತನಕ್ಕ ಇದ ಕೋಲಿ ಇಟಗೊಂಡಿದ್ದೆ."

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಹೆರಿಗೆ ಈಗ ದವಾಖಾನೆಯಲ್ಲೇ ಆದರೂ ಮುಂದಿನ ತಿಂಗಳುಗಳು ತಾಯಿಯ ಮನೆಯಲ್ಲಿ. ಗಾಳಿ ಆಡದ ಒಂದು ಕೋಲಿ, ಒಂದು ಹೊರಸು, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಮಗುವಿಗೆ ಎಣ್ಣೆ ಹಚ್ಚಿ ಎರೆಯಲು ಒಂದು ಮೂಲೆ. ಶಾಂತವ್ವನಿಗೆ ಬೇಕಾಗಿದ್ದದ್ದು ಅಷ್ಟೇ. ಮನೆ ಕಟ್ಟಿಸಿಕೊಡುವ ಯೋಜನೆ ನನ್ನ ಕೈಯಲ್ಲಿತ್ತು, ಅದರ ನಿಯಮಗಳು ನನ್ನ ಬಾಯಲ್ಲಿದ್ದವು. ಒಂದು ಸೂರು ಅಂದರೆ ಒಂದು ಮನೆ. ಆ ಸೂರು ಗೌರವ್ವನ ಗಂಡನ ಹೆಸರಿನಲ್ಲಿತ್ತು, ಅದರ ಮುಂಭಾಗ ಗಟ್ಟಿಯಾಗಿತ್ತು. ಹೀಗಾಗಿ ಶಾಂತವ್ವ ಕಾಗದದ ಮೇಲೆ ಮನೆ ಬಿದ್ದವಳಲ್ಲ, ಮನೆ ಇರುವವಳ ಜೊತೆ ಇರುವವಳು.

ನಾನು ಜಾಣತನ ತೋರಿಸಿದೆ. ಡ್ರೋನ್ ಬರುವ ಮೊದಲು ಮನೆಯನ್ನು ಎರಡು ಮಾಡಿ ಅಂದೆ. ಹಿಂದಿನ ಭಾಗಕ್ಕೆ ಹಿತ್ತಲ ಬಾಗಿಲು ಹೇಗೂ ಇದೆ. ಮಾಳಿಗೆಯ ಮೇಲೆ ಅಡ್ಡಕ್ಕೆ ಸುಣ್ಣದ ಒಂದು ಗೆರೆ ಎಳೆದರೆ ಮೇಲಿನಿಂದ ಎರಡು ಮನೆ ಕಾಣುತ್ತವೆ, ಎರಡು ನಂಬರು ಬೀಳುತ್ತವೆ, ಶಾಂತವ್ವನ ಹೆಸರಿಗೆ ಪತ್ರ ಬರುತ್ತದೆ, ಈ ಸಲದ ಪಟ್ಟಿಯಲ್ಲೇ ಅವಳಿಗೆ ಮನೆ ಬರೆಯುತ್ತೇನೆ.

ಗೌರವ್ವ ಕೈಯ ಮಣ್ಣು ಕೊಡವಿಕೊಂಡಳು. "ನಮ್ಮ ಅತ್ತಿ ಸಾಯೂಮುಂದ ಒಲಿ ಒಡೀಬ್ಯಾಡ್ರಿ ಅಂದಿದ್ಳು. ಒಲಿ ಒಡದಿಲ್ಲ. ಈಗ ನೀವು ಮಾಳಗಿ ಒಡೀರಿ ಅಂತೀರಿ."

"ಬರೇ ಗೆರಿ ರೀ ಗೌರವ್ವಾರ. ಒಂದು ಮಳಿ ಬಂದ್ರ ತೊಳದ ಹೋಗತೈತಿ."

"ಆತ ಬಿಡ್ರಿ. ಕೂಸಿಗೆ ಜಾಗಾ ಆಗತೈತಿ ಅಂದ್ರ ಗೆರಿ ಎಳದ್ರಾತು."

ಎರಡು ಮನೆ ಅಂದಮೇಲೆ ಎರಡು ಒಲೆ ತೋರಿಸಬೇಕಾಗುತ್ತದೆ ಎಂದೂ ನಾನು ಹೇಳಿದ್ದೆ. ಮರುದಿನ ಗೌರವ್ವ ಪಡಸಾಲೆಯ ಮೂಲೆಯಲ್ಲಿ ಮೂರು ಕಲ್ಲು ತಂದಿಟ್ಟಳು. ಅದರಲ್ಲಿ ಒಂದು ದಿನವೂ ಬೆಂಕಿ ಹತ್ತಲಿಲ್ಲ. ಅವರ ಬೆಕ್ಕು ಅದರೊಳಗೆ ಸುರುಳಿ ಸುತ್ತಿಕೊಂಡು ಮಲಗುವ ರೂಢಿ ಮಾಡಿಕೊಂಡಿತು.

ಗಣಪತಿ ಕಳಿಸಿದ ಮೇಲೆ ಮಳೆ ಬಿಡುವು ಕೊಟ್ಟಿತು. ಮೇಲಿನಿಂದ ಪ್ರತಿ ಮನೆಯ ಗಡಿ ಕಾಣಲೆಂದು ಡ್ರೋನಿನವರು ಬರುವ ಹಿಂದಿನ ದಿನ ಚೀಲಗಟ್ಟಲೆ ಸುಣ್ಣ ತರಿಸಿ ಹಂಚಿದೆವು. ನಾನು, ಈರಪ್ಪ ಓಣಿ ಓಣಿ ತಿರುಗಿ ಎಲ್ಲಿಂದ ಎಲ್ಲಿಗೆ ಎಳೆಯಬೇಕೆಂದು ತೋರಿಸಿದೆವು. ಮಧ್ಯಾಹ್ನ ತಿರುಗಿ ಬಂದು ನೋಡಿದರೆ ಗೆರೆಗಳೆಲ್ಲ ರಂಗೋಲಿಯಾಗಿದ್ದವು. ನಮ್ಮ ಹೆಂಗಸರಿಗೆ ಬಾಗಿಲ ಮುಂದೆ ಬೋಳು ಬಿಳಿ ಗೆರೆಯನ್ನು ಹಾಗೇ ಬಿಡುವುದಕ್ಕೆ ಮನಸ್ಸಾಗಿರಲಿಲ್ಲ. ಒಬ್ಬಳು ಎರಡೂ ಬದಿಗೆ ಚುಕ್ಕಿ ಇಟ್ಟಿದ್ದಳು, ಇನ್ನೊಬ್ಬಳು ಬಳ್ಳಿ ಹಬ್ಬಿಸಿದ್ದಳು, ತಿರುವಿನ ಮನೆಯವಳು ಮೂಲೆಗೊಂದು ತಾವರೆ ಬಿಡಿಸಿ ಮಧ್ಯದಲ್ಲಿ ಅರಿಷಿಣ ಕುಂಕುಮ ಉದುರಿಸಿದ್ದಳು. "ಮ್ಯಾಲಿಂದ ಫೋಟೋ ತಗೀತಾರಂದ್ರ ಚೆಂದ ಕಾಣಬಾರದೇನ್ರಿ?" ಅಂತ ನನ್ನನ್ನೇ ಕೇಳಿದರು. ಕಸಬರಿಗೆ ಹಿಡಿದು ತಾವರೆಗಳನ್ನು ಗುಡಿಸುವುದರಲ್ಲಿ ನನಗೆ ಸಂಜೆಯಾಯಿತು.

ಆ ಗಡಿಬಿಡಿಯಲ್ಲೇ ನನ್ನ ತಪ್ಪು ಆದದ್ದು. ಗೌರವ್ವನ ಮನೆಯ ಮುಂದೆ ನಿಂತು ಕೆಳಗಿನಿಂದಲೇ ಕೂಗಿದೆ: "ಗೆರಿ ಹಾಕೀರೇನ್ರಿ?"

"ಹಾಕೇವ್ರಿ. ನೆಟ್ಟಗ ಹಾಕೇವಿ. ಹೂ ಬಿಡಿಸಿಲ್ಲ," ಅಂತ ಮೇಲಿನಿಂದ ಉತ್ತರ ಬಂತು. ನನಗೆ ನಿಚ್ಚಣಿಕೆ ಅಂದರೆ ಭಯ. ಪಟ್ಟಿಯಲ್ಲಿ ಟಿಕ್ ಹಾಕಿ ಮುಂದೆ ಹೋದೆ.

ಮರುದಿನ ಡ್ರೋನು ಹಾರಿತು, ಇಡೀ ಊರು ಮಾಳಿಗೆ ಹತ್ತಿ ಅದಕ್ಕೆ ಕೈ ಬೀಸಿತು. ನಕಾಶೆ ಬರಲು ವರ್ಷವೇ ಹಿಡಿದೀತು ಅಂದುಕೊಂಡಿದ್ದೆ. ದೀಪಾವಳಿ ಮುಗಿಯುತ್ತಲೇ ಬಂತು. ಹಿಂಗಾರಿ ಜೋಳ ಗೇಣುದ್ದ ಎದ್ದಿತ್ತು. ಪಂಚಾಯತಿಯ ಮೇಜಿನ ಮೇಲೆ ಹಾಳೆ ಹರಡಿ ನಾನು ಮೊದಲು ಹುಡುಕಿದ್ದು ಆ ಮನೆಯನ್ನು. ಎರಡು ಇರಬೇಕಾದಲ್ಲಿ ಮೂರು ಮನೆ ಇದ್ದವು. ಮುಂದಿನದಕ್ಕೆ ಗೌರವ್ವನ ಹೆಸರು, ಹಿಂದಿನದಕ್ಕೆ ಶಾಂತವ್ವನ ಹೆಸರು. ನಡುವಿನ ಪಟ್ಟಿಯ ಮುಂದೆ "ಮಾಲೀಕರು ತಿಳಿದಿಲ್ಲ, ಸದ್ಯಕ್ಕೆ ಗ್ರಾಮ ಪಂಚಾಯತಿ" ಎಂದು ಬರೆದಿತ್ತು.

ಹಾಳೆ ಹಿಡಿದುಕೊಂಡೇ ಓಡಿದೆ. ನೆಗೆಣ್ಣಿಯರು ನಡುಮನೆಯಲ್ಲಿ ಕೂತು ಅವರೆ ಬಿಡಿಸುತ್ತಿದ್ದರು.

"ಎರಡು ಗೆರಿ ಯಾಕ ಹಾಕಿದ್ರಿ?"

ಗೌರವ್ವ ತಲೆ ಎತ್ತಲಿಲ್ಲ. "ಒಂದ ಗೆರಿ ಹಾಕಿದ್ರ ಬೆಳಕಿಂಡಿ ಒಬ್ಬರ ಕಡೆ ಹೋಗತಿತ್ರಿ. ಇಲ್ಲಾ ದೇವರ ತೆಲಿ ಮ್ಯಾಲ ಹಾಯತಿತ್ತು. ಅದಕ್ಕ ಆ ಕಡೆ ಒಂದು, ಈ ಕಡೆ ಒಂದು ಹಾಕಿದ್ವಿ. ನಡುವಿಂದು ಇಬ್ಬರದೂ."

"ಯಾರೂ ಇಬ್ಬರದೂ ಅಂತ ಹೇಳಲಿಲ್ಲಲ್ರಿ!"

"ಯಾರೂ ಕೇಳಲಿಲ್ಲಲ್ರಿ."

ನಾನು ಹಾಳೆಯನ್ನು ಅವರೆಕಾಯಿಯ ಮೇಲೆ ಹರಡಿ ಓದಿ ಹೇಳಿದೆ. ನಡುವಿನ ಜಾಗ ಯಾರದೆಂದು ತೀರ್ಮಾನವಾಗುವ ತನಕ ಅದಕ್ಕೆ ಅಂಟಿದ ಎರಡೂ ಮನೆಗಳ ಪತ್ರ ತಡೆಯುತ್ತಾರೆ. ತಕರಾರು ಅರ್ಜಿ ಬರೆದು ವಿಚಾರಣೆಗೆ ಕಾಯಬೇಕು. ಅಷ್ಟರಲ್ಲಿ ಈ ಸಲದ ಮನೆಗಳ ಪಟ್ಟಿ ಮುಚ್ಚಿರುತ್ತದೆ. ಗೌರವ್ವನ ಕಣ್ಣು ಮೊದಲು ಹಾಳೆಯ ಮೇಲೆ, ಆಮೇಲೆ ಶಾಂತವ್ವನ ಮೇಲೆ ಹೋಯಿತು.

ವಾರದೊಳಗೆ ರೇಣುಕಾಳ ಮಾವ ಕಟಕೋಳದಿಂದ ಬಂದರು. ಒಳ್ಳೆಯ ಮನುಷ್ಯ. ಬಿದ್ದ ಗೋಡೆಯನ್ನು, ಅದಕ್ಕೆ ಅಡ್ಡ ಕಟ್ಟಿದ ಪ್ಲಾಸ್ಟಿಕ್ಕಿನ ತಾಡಪತ್ರಿಯನ್ನು ನೋಡಿದರು, ಕೊಟ್ಟ ಚಹಾ ಕುಡಿದರು. "ತಪ್ಪು ತಿಳಕೋಬ್ಯಾಡ್ರಿ ಬೀಗತ್ಯಾರ," ಅಂದರು. "ಥಂಡಿ ದಿನಾ. ಹಸಗೂಸು. ಬಾಣಂತನ ನಮ್ಮಲ್ಲೇ ಆಗಲಿ." ಶಾಂತವ್ವ ಹೂಂ ಅಂದಳು. ಅವರು ಹೋದ ಮೇಲೆ, ನಾನು ಹೊಸ್ತಿಲಲ್ಲಿ ನಿಂತಿದ್ದಾಗ, ಮೆತ್ತಗೆ ಕೇಳಿದಳು: "ಅಕ್ಕಾರ, ಆ ಹಾಳ್ಯಾಗ ನನ್ನ ಮಗಳ ತವರಮನಿ ಎಷ್ಟನೇ ನಂಬರ್ ರೀ?"

ನನಗೆ ಅಳು ಬಂತು. ಮುರಗೋಡದ ನನ್ನ ಬಾಡಿಗೆ ಕೋಣೆಗೆ ಬಂದು ಅತ್ತುಬಿಟ್ಟೆ. ನಿಯಮದ ಪುಸ್ತಕದಲ್ಲಿ ಪಡಸಾಲೆ ಇತ್ತು, ಅಡಿಗೆಮನೆ ಇತ್ತು, ಶೌಚಾಲಯ ಇತ್ತು. ಮಗಳು ಬಂದರೆ ಮಲಗಿಸುವ ಜಾಗ ಎಂಬ ಖಾನೆ ಎಲ್ಲಿಯೂ ಇರಲಿಲ್ಲ. ಅದಿಲ್ಲ ಎಂಬುದು ನನಗೆ ಅಲ್ಲಿಯ ತನಕ ಹೊಳೆದಿರಲೂ ಇಲ್ಲ.

ಎರಡು ದಿನ ಆ ಓಣಿಗೆ ಹೋಗುವ ಧೈರ್ಯ ಬರಲಿಲ್ಲ. ಮೂರನೆಯ ದಿನ ಈರಪ್ಪ ಬಂದು, "ಗೌರವ್ವ ಕರ್ಯಾಕತ್ಯಾಳ್ರಿ, ಸಿಟ್ಟೀಲೆ ಇದ್ದಂಗ ಐತಿ," ಅಂದ. ಬೈಸಿಕೊಳ್ಳಲು ತಯಾರಾಗಿ ಹೋದೆ. ನಡುಮನೆ ಖಾಲಿಯಾಗಿತ್ತು. ಸೆಗಣಿಯಿಂದ ಸಾರಿಸಿದ ನೆಲ ಇನ್ನೂ ಹಸಿ ಇತ್ತು. ಜಗಲಿಯ ಮೇಲೆ ದೇವರು ಇರಲಿಲ್ಲ.

"ದೇವರು ಎಲ್ಲ್ರಿ?"

"ಪಡಸಾಲ್ಯಾಗ ಅದಾನ," ಅಂದಳು ಗೌರವ್ವ. ಹೋಗಿ ನೋಡಿದರೆ ನನ್ನ ನಿಯಮಕ್ಕಾಗಿ ಇಟ್ಟಿದ್ದ ಆ ಮೂರು ಕಲ್ಲಿನ ಮೇಲೆ ಒಂದು ಮಣೆ, ಮಣೆಯ ಮೇಲೆ ದೇವರು, ಮುಂದೆ ದೀಪ. ಜಾಗ ಕಳೆದುಕೊಂಡ ಬೆಕ್ಕು ದೂರ ಕೂತು ಮುಖ ತಿರುಗಿಸಿತ್ತು. "ಅವಗ ಎಲ್ಲಿಟ್ರೂ ನಡೀತೈತ್ರಿ, ಬಾಣಂತಿಗೆ ನಡ್ಯಾಂಗಿಲ್ಲ. ಬಾಣಂತನ ನಡುಮನ್ಯಾಗ ಮಾಡತೇವಿ. ಎರಡೂ ಕಡೆ ಗ್ವಾಡಿ ಗಟ್ಟಿ ಅದಾವು, ಗಾಳಿ ಸುಳಿಯಂಗಿಲ್ಲ. ನಮ್ಮ ಅತ್ತಿ ಇದ್ದಿದ್ರ ದೇವರ ಜಗಲಿ ಮುಂದ ಬಾಣಂತಿ ಮಲಗಸೂದು ಹೆಂಗ ಅಂತಿದ್ಳು. ಈಗ ದೇವರ ಇಲ್ಲ ಅಲ್ಲಿ, ಏನಂತಾಳ?"

ಶಾಂತವ್ವ ಕಂಬಕ್ಕೆ ಒರಗಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಗೌರವ್ವ ಅದನ್ನು ನೋಡಿಯೂ ನೋಡದವಳಂತೆ ಬೆಳಕಿಂಡಿಯತ್ತ ಬೆರಳು ತೋರಿಸಿದಳು. "ಅದೊಂದು ಉಳೀತು. ಥಂಡಿ ಸೀದಾ ಕೂಸಿನ ಮ್ಯಾಲ ಇಳೀತೈತಿ. ಬುಟ್ಟಿ ಮುಚ್ಚಿದ್ರ ಕತ್ತಲಿ. ಅಕ್ಕಾರ, ಈ ನಡುಮನಿ ಪಂಚಾಯ್ತಿದು ಅಂತ ನೀವ ಓದಿ ಹೇಳಿದ್ರಿ ಹೌದಲ್ಲೋ?"

"ಹೌದ್ರಿ."

"ಪಂಚಾಯ್ತಿ ಮನಿ ರಿಪೇರಿ ಯಾರು ಮಾಡಸಬೇಕ್ರಿ?"

ಮುಂದಿನ ಭಾನುವಾರ ನಾನು ಬೈಲಹೊಂಗಲದ ಒಂದು ಅಂಗಡಿಯಲ್ಲಿ ದಪ್ಪ ಗಾಜು ಕೊಯ್ಯಿಸಿ, ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಅಳತೆಗೆ ಅಂಗುಲ ಹೆಚ್ಚುಕಡಿಮೆ ಆಗದಂತೆ ಅಪ್ಪನೇ ಕಾಗದದ ಮೇಲೆ ಗೆರೆ ಹಾಕಿಕೊಟ್ಟಿದ್ದರು. ಈ ಸಲ ಕೆಳಗೆ ನಿಂತು ಕೂಗಲಿಲ್ಲ. ಒಂದೊಂದೇ ಮೆಟ್ಟಿಲಾಗಿ ನಿಚ್ಚಣಿಕೆ ಹತ್ತಿದೆ, ಕೆಳಗೆ ಗೌರವ್ವ ಅದರ ಕಾಲು ಹಿಡಿದುಕೊಂಡು ಇಡೀ ಓಣಿಗೆ ಕೇಳುವಂತೆ ನನಗೆ ದಾರಿ ಹೇಳುತ್ತಿದ್ದಳು. ಮಾಳಿಗೆಯ ಮೇಲೆ ಆ ಎರಡು ಗೆರೆಗಳು ಇನ್ನೂ ಮಸುಕಾಗಿ ಕಾಣುತ್ತಿದ್ದವು. ಅಪ್ಪನ ಗೆರೆಗಳಷ್ಟೇ ನೆಟ್ಟಗಿದ್ದವು. ಗಾಜು ಕೂರಿಸಿ ಸುತ್ತಲೂ ಮಣ್ಣು ಮೆತ್ತಿದೆವು. ಕೆಳಗಿಳಿದು ನೋಡಿದಾಗ ಬಿಸಿಲು ಮಾತ್ರ ಒಳಗೆ ಬಂದಿತ್ತು, ಗಾಳಿ ಹೊರಗೇ ನಿಂತಿತ್ತು. ಶಾಂತವ್ವ ಆ ದಿನವೇ ಕಟಕೋಳಕ್ಕೆ ಫೋನ್ ಮಾಡಿ ಬೀಗರಿಗೆ ಗಟ್ಟಿ ದನಿಯಲ್ಲಿ ಹೇಳಿದಳು: "ಕೋಲಿ ಆಗೇತ್ರಿ. ಮಗಳನ್ನ ಕಳಸ್ರಿ." ಅವಳ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತೇ ಇರಲಿಲ್ಲ.

ಎಳ್ಳಮಾವಾಸ್ಯೆಗೆ ಊರೆಲ್ಲ ಹೊಲಕ್ಕೆ ಹೋಗಿ ಬೆಳೆಗೆ ಎಡೆಯ ಚರಗ ಚೆಲ್ಲಿ ಉಂಡು ಬಂದ ಮರುವಾರ ರೇಣುಕಾಳಿಗೆ ಸವದತ್ತಿಯ ದವಾಖಾನೆಯಲ್ಲಿ ಹೆಣ್ಣುಮಗು ಹುಟ್ಟಿತು. ಐದನೆಯ ದಿನ ನಡುಮನೆಗೆ ಬಂತು. ಆ ಚಳಿಗಾಲದಲ್ಲಿ ನಾನು ಯಾವುದೋ ನೆಪ ಮಾಡಿಕೊಂಡು ದಿನಾ ಅಲ್ಲಿಗೆ ಹೋಗುತ್ತಿದ್ದೆ. ಅಗ್ಗಿಷ್ಟಿಕೆಯ ಬಿಸಿ, ಬಜೆ ಮತ್ತು ಬೆಳ್ಳುಳ್ಳಿಯ ವಾಸನೆ, ಮೇಲಿನಿಂದ ಇಳಿದ ಬೆಳಕಿನ ತುಂಡು ಬೆಳಗಿನಿಂದ ಸಂಜೆಯವರೆಗೆ ಹೊರಸಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯುವುದು. ನಾನು ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಗೌರವ್ವ ಒಳಗಿನಿಂದ ಕೂಗುತ್ತಿದ್ದಳು: "ಬರ್ರಿ ಅಕ್ಕಾರ, ನಿಮ್ಮ ಮನಿಗೆ ನಿಮ್ಮನ್ನೇನ ಕರೀಬೇಕು?" ನೌಕರಿಗೆ ಸೇರಿದಾಗಿನಿಂದ ನಾನು ನಾಲ್ಕು ಊರಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ನಿಮ್ಮ ಮನೆ ಎಂದು ತಮಾಷೆಗಾದರೂ ಅಂದವಳು ಅವಳೊಬ್ಬಳೇ. ಹಾಗೆ ಕರೆಸಿಕೊಳ್ಳುವುದು ನನಗೆ ಬಹಳ ಇಷ್ಟವಾಗುತ್ತಿತ್ತು.

ಮಗುವಿಗೆ ಎರಡು ತಿಂಗಳಾದಾಗ ವಿಚಾರಣೆ ಬಂತು. ತಾಲೂಕಿನ ಅಳತೆಯ ಸಾಹೇಬರು ಮನೆಗೇ ಬಂದು ಪಡಸಾಲೆಯಲ್ಲಿ, ದೇವರ ಪಕ್ಕದಲ್ಲಿ ಕೂತರು. ನಡುವಿನ ಜಾಗ ಯಾರ ಹೆಸರಿಗೆ ಬರೆಯಲಿ ಎಂದು ಕೇಳಿದರು.

"ಶಾಂತಾನ ಹೆಸರಿಗೆ ಬರೀರಿ," ಅಂದಳು ಗೌರವ್ವ.

"ಅಕ್ಕನ ಹೆಸರಿಗೆ ಬರೀರಿ," ಅಂದಳು ಶಾಂತವ್ವ.

ಸಾಹೇಬರು ಪೆನ್ನು ಕೆಳಗಿಟ್ಟರು. "ನಾನು ಇಷ್ಟ ವರ್ಷದಾಗ ನಂದು ನಂದು ಅನ್ನೂ ಜಗಳಾ ನೋಡೇನಿ. ಇದನ್ನ ಯಾವ ಕಲಮಿನಾಗ ಹಾಕಲ್ರಿ ಮೇಡಂ?" ಎಂದು ನನ್ನ ಕಡೆ ತಿರುಗಿದರು. ಪುಸ್ತಕದಲ್ಲಿ ಒಂದು ಸಾಲು ಇತ್ತು, ಅದನ್ನು ನಾನು ಶ್ರಾವಣದಲ್ಲೇ ಓದಬೇಕಿತ್ತು. ಇಬ್ಬರ ಹೆಸರಿನಲ್ಲಿ ಜಂಟಿಯಾಗಿ ಬರೆಯಬಹುದು ಅಂದೆ. ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಒಳಗೆ ಮಗು ಅಳತೊಡಗಿತು, ಇಬ್ಬರೂ ಶಾಯಿಯ ಕೈಯಲ್ಲೇ ಓಡಿದರು. ಮುಂದಿನ ಪಟ್ಟಿಯಲ್ಲಿ ಮೊದಲ ಹೆಸರು ಶಾಂತವ್ವನದೇ ಬರೆದೆ. ಅದರ ಪಾಯ ತೆಗೆಯುವ ಮೊದಲೇ ನನಗೆ ಬೇರೆ ಕಡೆ ವರ್ಗವಾಯಿತು.

ಹೋದ ವಾರ ಮುರಗೋಡದಲ್ಲಿ ಇಳಿದು ಸಿಕ್ಕ ಟಂಟಂ ಹಿಡಿದು ಹೋದೆ. ಓಣಿಯಲ್ಲಿ ಅರ್ಧ ಮಾಳಿಗೆಗಳು ಹೋಗಿ ಸಿಮೆಂಟಿನ ಛತ್ತು ಬಂದಿವೆ. ಶಾಂತವ್ವ ನನ್ನನ್ನು ಕೈಹಿಡಿದು ಹಿಂದಕ್ಕೆ ಕರೆದೊಯ್ದು ತನ್ನ ಕೋಲಿ ತೋರಿಸಿದಳು. ಗಿಳಿಹಸಿರು ಬಣ್ಣ, ಗೋಡೆಯ ಮೇಲೆ ಅವಳ ಹೆಸರು, ನಂಬರು. ಅದನ್ನು ಸೆರಗಿನಿಂದ ಒಮ್ಮೆ ಒರೆಸಿ ತೋರಿಸಿದಳು. ರೇಣುಕಾ ಎರಡನೆಯ ಬಾಣಂತನಕ್ಕೆ ಬಂದಿದ್ದಾಳೆ. ಹೊಸ ಕೋಲಿಯಲ್ಲೇಕೆ ಮಲಗಿಸಲಿಲ್ಲ ಎಂದು ಕೇಳಿದರೆ ಶಾಂತವ್ವ ನಕ್ಕಳು. ನಡುಮನೆಯಲ್ಲೇ ಇದ್ದಾಳೆ.

ಬೆಳಕಿಂಡಿಯ ಗಾಜು ಅದೇ. ಅದರ ಕೆಳಗೆ ಬಿದ್ದ ಬಿಸಿಲಿನಲ್ಲಿ ಐದು ವರ್ಷದ ಹುಡುಗಿ ಬೋರಲು ಮಲಗಿ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಏನೋ ಗೀಚುತ್ತಿದ್ದಳು. ತಲೆ ಎತ್ತಿ ನನ್ನನ್ನು ನೋಡಿ, "ಇವರ್ಯಾರ ಆಯೀ?" ಎಂದು ಅಜ್ಜಿ ಗೌರವ್ವನನ್ನು ಕೇಳಿದಳು.

ಗೌರವ್ವ ಈಗ ಗೋಡೆ ಹಿಡಿದು ನಡೆಯುತ್ತಾಳೆ. ಬಾಯಿ ಮಾತ್ರ ಹಾಗೇ ಇದೆ. "ಈ ಮನಿ ಮೊದಲ ಇವರದಿತ್ತವ್ವಾ," ಅಂದಳು. "ನೀ ಬರ್ತಿ ಅಂತ ಬಿಟ್ಟಕೊಟ್ರು."

ಹುಡುಗಿ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಆಮೇಲೆ ಆ ಬಿಸಿಲಿನ ತುಂಡಿನಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು, ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದಳು.

"ಹಂಗಾದ್ರ ಬರ್ರಿ, ಕುಂದರ್ರಿ. ಇಬ್ಬರದೂ."